ಎಂಟು ಪುಟ, ಹದಿನಾಲ್ಕು ತಿಂಗಳ ಇಡ್ಲಿ

ಮುಂಬೈ ಮಾಟುಂಗದ ಶೆಟ್ರ ಹೋಟೆಲಿನಲ್ಲಿ ಭಾನುವಾರ ನಾಲ್ಕರ ಮೇಲೆ, ಊಟದ ಗದ್ದಲ ಮುಗಿದು ರಾತ್ರಿಯದ್ದು ಶುರುವಾಗುವ ಮೊದಲು, ಗಲ್ಲಾದ ಪಕ್ಕದ ಮೇಜು ನಮ್ಮದು. ನಾನು ಡೊಂಬಿವಲಿಯಿಂದ, ಹಳಿ ರಿಪೇರಿಗೆ ಭಾನುವಾರ ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕಿಗೆ ಶಾಪ ಹಾಕುತ್ತ ಬರುತ್ತೇನೆ. ವಾಣಿ ಪವಾಯಿಯಿಂದ. ಬ್ಯಾಂಕಿನಿಂದ ನಿವೃತ್ತರಾದ ಭಟ್ರು ಎದುರು ಬಿಲ್ಡಿಂಗಿನಿಂದ ಚಪ್ಪಲಿ ಎಳೆದುಕೊಂಡು. ಹೋದ ವಾರ ನಾನು ಕೂತುಕೊಳ್ಳುವ ಮೊದಲೇ ಶೆಟ್ರು ಗಲ್ಲಾ ಬಿಟ್ಟು ಎದ್ದು ಬಂದರು.

“ಎಂತ ಮಾಷ್ಟ್ರೆ, ಪೇಪರಿನಿಂದ ನನ್ನ ಹೋಟೆಲಿನ ಹೆಸರು ತೆಗೆದಿರಂತೆ?”

ವಾಣಿ ಕಾಫಿ ಲೋಟದೊಳಗೆ ಮುಖ ಹುದುಗಿಸಿದಳು. ಚಾಡಿ ಎಲ್ಲಿಂದ ಬಂತು ಅಂತ ಗೊತ್ತಾಯಿತು.

ಸಂಗತಿ ಇಷ್ಟು. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು. ನಾಳೆಗೆ ಎಷ್ಟು ಇಡ್ಲಿ ಹಿಟ್ಟು ರುಬ್ಬಬೇಕು ಅಂತ ಹಿಂದಿನ ಸಂಜೆಯೇ ಹೇಳುವ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದಿದ್ದೇನೆ, ಅದರ ಮೇಲೆ ಒಂದು ಸಂಶೋಧನಾ ಪೇಪರನ್ನೂ. ಮಳೆ, ಸಮುದ್ರದ ಭರತ, ರಜೆ, ರೈಲು, ಎಲ್ಲವನ್ನೂ ಅದಕ್ಕೆ ತಿನ್ನಿಸಿದ್ದೇನೆ. ಕಿಂಗ್ಸ್ ಸರ್ಕಲ್ಲಿನಲ್ಲಿ ಮೊಣಕಾಲಿನವರೆಗೆ ನೀರು ನಿಂತ ದಿನ ಇಡ್ಲಿ ತಿನ್ನುವವರು ಯಾರು? ರುಬ್ಬಿದ ಹಿಟ್ಟು ಹುಳಿಯಾಗಿ ಉತ್ತಪ್ಪವಾಗುತ್ತದೆ, ಉತ್ತಪ್ಪವೂ ಹೋಗದಿದ್ದರೆ ಮೋರಿ. ಇದಕ್ಕೆಲ್ಲ ಬೇಕಾದ 14 ತಿಂಗಳ ಲೆಕ್ಕದ ಪುಸ್ತಕ ಕೊಟ್ಟವರು ಶೆಟ್ರು.

“ಡಬಲ್ ಬ್ಲೈಂಡ್ ಶೆಟ್ರೆ. ಬರೆದವರು ಯಾರು ಅಂತ ಓದುವವರಿಗೆ ಗೊತ್ತಾಗಬಾರದು. ಓದಿದವರು ಯಾರು ಅಂತ ನಮಗೆ ಗೊತ್ತಾಗಬಾರದು. ನಿಮ್ಮ ಹೋಟೆಲಿನ ಹೆಸರು ಕಂಡರೆ ನನ್ನ ಗುರುತು ಹತ್ತುತ್ತದೆ.”

“ನನ್ನ ಹೋಟೆಲಿನ ಹೆಸರಿನಿಂದ ನಿಮ್ಮ ಗುರುತಾ! ಇಲ್ಲಿ ನಿಮ್ಮದು ತಿಂಗಳ ಬಾಕಿ ಬಿಟ್ಟರೆ ಎಂತ ಉಂಟು?”

ವಾಣಿ ಲೋಟದಿಂದ ಹೊರಗೆ ಬಂದಳು. ಅವಳೂ ಒಂದೆರಡು ಸಲ ಇಂಥ ಪೇಪರುಗಳ ಪರಿಶೀಲನೆ ಮಾಡಿದವಳು. “ಅಷ್ಟೇ ಅಲ್ಲ ಶೆಟ್ರೆ, ತಾವೇ ಹಿಂದೆ ಬರೆದ ಪೇಪರನ್ನು ಕೂಡ ಬೇರೆ ಯಾರೋ ಬರೆದ ಹಾಗೆ ಹೇಳಬೇಕು.”

“ಹಿಂದೆ ಹೆಂಗಸರು ಗಂಡನ ಹೆಸರು ಹೇಳದೆ ‘ಇವರು’ ಅನ್ನುತ್ತಿದ್ದ ಹಾಗೆ,” ಅಂದರು ಭಟ್ರು. “ಊರಿಗೆಲ್ಲ ಗೊತ್ತು, ಬಾಯಿ ಮಾತ್ರ ಬಿಡುವ ಹಾಗಿಲ್ಲ.”

“ಇವರು ಬಾಯಿ ಬಿಡಲಿಲ್ಲ. ಫೈಲು ಬಿಟ್ಟಿತು,” ಅಂದಳು ವಾಣಿ. “ಪಿಡಿಎಫ್‌ನ ಪ್ರಾಪರ್ಟೀಸ್ ತೆಗೆದು ನೋಡಿ, ಮಾಷ್ಟ್ರ ಹೆಸರು ಇನಿಷಿಯಲ್ ಸಮೇತ ಕೂತಿದೆ.”

ನಾನು ಲ್ಯಾಪ್‌ಟಾಪ್ ತೆಗೆದೆ. ಕೂತಿತ್ತು.

ಶೆಟ್ರಿಗೆ ಸ್ವಲ್ಪ ಸಮಾಧಾನವಾದ ಹಾಗೆ ಕಂಡಿತು. ಕುರ್ಚಿ ಎಳೆದು ಕೂತರು. “ಆಯ್ತು, ಇದನ್ನು ಯಾರಿಗೆ ಕಳಿಸುವುದು?”

ಎಸಿಎಂ ಅನ್ನುವ ಕಂಪ್ಯೂಟರಿನವರ ಸಂಘದ ಅಪ್ಲೈಡ್ ಕಂಪ್ಯೂಟಿಂಗ್ ಸಿಂಪೋಸಿಯಂ ಎಂಬ ಸಮ್ಮೇಳನಕ್ಕೆ ಅಂದೆ. 1986ರಿಂದ ನಡೆದು ಬಂದದ್ದು, ಒಳಗೆ ವಿಷಯಕ್ಕೊಂದರಂತೆ ಹತ್ತಾರು ಟ್ರ್ಯಾಕುಗಳು, ಒಂದೇ ಪೇಪರನ್ನು ಎರಡು ಟ್ರ್ಯಾಕಿಗೆ ಕಳಿಸುವ ಹಾಗಿಲ್ಲ. ಎಂಟು ಪುಟ ನೋಂದಣಿ ಶುಲ್ಕದಲ್ಲೇ ಬರುತ್ತದೆ, ಇನ್ನೆರಡು ಬೇಕಾದರೆ ಬೇರೆ ದುಡ್ಡು. ಪೂರ್ತಿ ಪೇಪರಾಗಿ ತೆಗೆದುಕೊಳ್ಳದಿದ್ದರೆ ಮೂರು ಪುಟದ ಪೋಸ್ಟರ್ ಆಗಿ ತೆಗೆದುಕೊಳ್ಳುವುದೂ ಉಂಟು.

“ಹಾಗೆ ಹೇಳಿ! ಪ್ಲೇಟ್ ಮೀಲ್ಸ್, ಎಕ್ಸ್‌ಟ್ರಾ ಪೂರಿಗೆ ಬೇರೆ ಚಾರ್ಜು. ಪೋಸ್ಟರ್ ಅಂದರೆ ಹಾಫ್ ಪ್ಲೇಟ್.” ಶೆಟ್ರಿಗೆ ಮೊದಲ ಬಾರಿ ನನ್ನ ವೃತ್ತಿಯ ಮೇಲೆ ಗೌರವ ಬಂದದ್ದು ಆಗ. “ಪಾರ್ಸೆಲ್ ಉಂಟಾ?”

“ಇಲ್ಲ. ಒಪ್ಪಿದ ಮೇಲೆ ಹೋಗಿ ಓದಲೇಬೇಕು. ಹೋಗದಿದ್ದರೆ ಅವರ ಡಿಜಿಟಲ್ ಲೈಬ್ರರಿಗೆ ಸೇರಿಸುವುದಿಲ್ಲ.”

ಹೋದ ವರ್ಷ ಇದೇ ಪೇಪರನ್ನು ಬೇರೊಂದು ಸಮ್ಮೇಳನಕ್ಕೆ (ಹೆಸರು ಬೇಡ) ಕಳಿಸಿದ್ದೆ. ಆಗಿನ ಗಡುವಿನ ಕಥೆಯನ್ನು ಭಟ್ರು ಇವತ್ತಿಗೂ ಬಿಟ್ಟಿಲ್ಲ. ಕಂಪ್ಯೂಟರ್ ಲೋಕದಲ್ಲಿ ‘ಎನಿವೇರ್ ಆನ್ ಅರ್ತ್’ ಅಂತ ಗಡುವಿನ ಒಂದು ಲೆಕ್ಕ ಉಂಟು. ಭೂಮಿಯಲ್ಲಿ ಎಲ್ಲಾದರೂ ಒಂದು ಕಡೆ ಆ ತಾರೀಕು ಇನ್ನೂ ಮುಗಿದಿಲ್ಲವಾದರೆ ಗಡುವೂ ಮುಗಿದಿಲ್ಲ. ಎಲ್ಲರಿಗಿಂತ ಕೊನೆಗೆ ತಾರೀಕು ಬದಲಾಗುವುದು ಪೆಸಿಫಿಕ್ ಸಾಗರದ ಬೇಕರ್ ದ್ವೀಪದ ಕಡೆ. ಅಲ್ಲಿ ರಾತ್ರಿ 11.59 ಅಂದರೆ ನಮಗೆ ಮರುದಿನ ಸಂಜೆ 5.29.

“ಆ ದ್ವೀಪದಲ್ಲಿ ಜನ ಎಷ್ಟು?” ಶೆಟ್ರು ಕೇಳಿದರು.

“ಯಾರೂ ಇಲ್ಲ.”

“ಜನ ಇಲ್ಲದ ಊರಿನ ಗಡಿಯಾರ ನೋಡಿ ನೀವು ಇಲ್ಲಿ ಕೂತು ಬೆವರುವುದಾ?”

ಬೆವರಿದ್ದು ನಿಜ. 5.26ಕ್ಕೆ ದಾದರಿನಲ್ಲಿ ಲೋಕಲ್ ಒಳಗೆ ನಿಂತು, ಯಾರದೋ ಹೆಗಲ ಮೇಲೆ ಫೋನ್ ಇಟ್ಟು ಅಪ್‌ಲೋಡ್ ಮಾಡಿದ್ದೆ. ಹೆಗಲಿನ ಯಜಮಾನ “ಝಾಲಂ ಕಾ?” ಅಂತ ಎರಡು ಸಲ ಕೇಳಿದ. ಆಯಿತು ಅಂದೆ. ಮೂರು ತಿಂಗಳ ಮೇಲೆ ಪೇಪರು ತಿರಸ್ಕೃತವಾಯಿತು.

“ಮೂವರು ಓದಿದ್ದರು,” ಅಂದೆ. “ಒಬ್ಬ ಚೆನ್ನಾಗಿದೆ ಅಂದ. ಒಬ್ಬ, ಇಡ್ಲಿ ಅಂದರೇನು ಅಂತ ವಿವರಿಸಿ ಅಂದ.”

“ಅಯ್ಯೋ ಪಾಪ,” ಅಂದರು ಶೆಟ್ರು, ನಿಜವಾದ ಮರುಕದಿಂದ.

“ಬೇಜಾರು ಮಾಡ್ಕೋಬೇಡಿ,” ಅಂದಳು ವಾಣಿ. “2014ರಲ್ಲಿ ನ್ಯೂರಿಪ್ಸ್ ಅನ್ನುವ ದೊಡ್ಡ ಎಐ ಸಮ್ಮೇಳನದವರೇ ಪರೀಕ್ಷೆ ಮಾಡಿ ನೋಡಿದ್ರು. 166 ಪೇಪರುಗಳನ್ನು ಎರಡು ಬೇರೆ ಬೇರೆ ಸಮಿತಿಗೆ ಕೊಟ್ಟರು. ಸುಮಾರು ಕಾಲು ಭಾಗದಲ್ಲಿ ಒಂದು ಸಮಿತಿ ಹೂಂ ಅಂದದ್ದಕ್ಕೆ ಇನ್ನೊಂದು ಊಹೂಂ ಅಂದಿತ್ತು.”

“ಸಾಲದ ಅರ್ಜಿಯಲ್ಲಿ ನಮ್ಮ ಎರಡು ಬ್ರಾಂಚುಗಳಿಗೂ ಹಾಗೇ ಆಗುತ್ತಿತ್ತು,” ಅಂದರು ಭಟ್ರು. “ಮೂರನೆಯವ ಎಂತ ಹೇಳಿದ?”

ಅದನ್ನು ಹೇಳಬಾರದು ಅಂತಿದ್ದೆ. “ನಿಮ್ಮ ಪ್ರೋಗ್ರಾಮನ್ನು ಅನುಭವಸ್ಥ ಮನುಷ್ಯನ ಅಂದಾಜಿಗೆ ಹೋಲಿಸಿ ತೋರಿಸಿ ಅಂದ. ಹೋಲಿಸಿದೆ. ಎರಡು ತಿಂಗಳು ಶೆಟ್ರ ಅಂದಾಜನ್ನು ದಿನಾ ಸಂಜೆ ಬರೆದಿಟ್ಟುಕೊಂಡೆ.”

“ಮತ್ತೆ?”

“ಶೆಟ್ರೇ ಗೆದ್ದರು.”

ಹೋಟೆಲಿನಲ್ಲಿ ಒಂದು ಕ್ಷಣ ಪಾತ್ರೆ ತೊಳೆಯುವ ಶಬ್ದ ಬಿಟ್ಟರೆ ಬೇರೇನೂ ಇಲ್ಲ. ಶೆಟ್ರು ನಾಚಿಕೊಂಡು ಮೇಜು ಒರೆಸಿದರು. ಕ್ಲೀನರ್ ಹುಡುಗ ಆಗಷ್ಟೇ ಒರೆಸಿ ಹೋಗಿದ್ದ ಮೇಜು.

“ಅದೆಂತ ದೊಡ್ಡ ವಿದ್ಯೆಯಾ ಮಾರ್ರೆ? ಮೂಲೆಯಲ್ಲಿ ಕೂರುವ ಹೂವಿನ ಅಮ್ಮ ನಾಳೆಗೆ ಎಷ್ಟು ಮಲ್ಲಿಗೆ ಹೇಳಿಟ್ಟಿದ್ದಾಳೆ ಅಂತ ಕೇಳುತ್ತೇನೆ. ಮದುವೆ, ಹಬ್ಬ, ಸಂಕಷ್ಟಿ ಎಲ್ಲ ಅವಳಿಗೆ ಬಾಯಿಪಾಠ. ಮಲ್ಲಿಗೆ ಜಾಸ್ತಿಯಾದರೆ ಹಿಟ್ಟು ಜಾಸ್ತಿ.”

ಹದಿನಾಲ್ಕು ತಿಂಗಳಲ್ಲಿ ಭರತದ ವೇಳಾಪಟ್ಟಿಯವರೆಗೆ ಹೋಗಿದ್ದ ನಾನು ಆ ಮೂಲೆಯವರೆಗೆ ಹೋಗಿರಲಿಲ್ಲ.

“ಹಾಗಾದರೆ ಶೆಟ್ರ ಹೆಸರು ಲೇಖಕರ ಪಟ್ಟಿಗೇ ಸೇರಬೇಕು,” ಅಂತ ತೀರ್ಪು ಕೊಟ್ಟರು ಭಟ್ರು. “ಬೆಕ್ಕಿನ ಹೆಸರೇ ಸೇರಿದೆಯಂತೆ!”

ಅದು ನಾನೇ ಹೇಳಿದ ಕಥೆ. 1975ರಲ್ಲಿ ಅಮೆರಿಕದ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ ಒಬ್ಬರೇ ಪೇಪರು ಬರೆದು, ಉದ್ದಕ್ಕೂ ‘ನಾವು’ ಅಂತ ಹಾಕಿದ್ದರು. ಒಬ್ಬನೇ ಬರೆದರೆ ‘ನಾವು’ ನಡೆಯುವುದಿಲ್ಲ ಅಂತ ಗೊತ್ತಾಯಿತು. ಟೈಪ್‌ರೈಟರಿನ ಕಾಲ, ಇಡೀ ಪೇಪರು ಮತ್ತೆ ಕುಟ್ಟಬೇಕು. ಮನೆಯ ಬೆಕ್ಕಿಗೆ ಎಫ್. ಡಿ. ಸಿ. ವಿಲ್ಲರ್ಡ್ ಅಂತ ಹೆಸರಿಟ್ಟು ಸಹಲೇಖಕ ಮಾಡಿಬಿಟ್ಟರು. ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಅಚ್ಚೂ ಆಯಿತು.

“ನಮ್ಮ ಮಠದ ಸ್ವಾಮಿಗಳಿಗೆ ಒಬ್ಬರೇ ಇದ್ದರೂ ‘ನಾವು’ ನಡೆಯುತ್ತದೆ,” ಅಂದರು ಭಟ್ರು.

ಶೆಟ್ರು ಹಿಗ್ಗಿದ್ದರು. ಪೇಪರು ಒಪ್ಪಿದ ಮೇಲೆ ಹೆಸರು ಅಚ್ಚಾಗುತ್ತದೆ, ಆಗ ಹೋಟೆಲಿನದ್ದೂ ಬರುತ್ತದೆ, ವಿಳಾಸವೂ ಬರುತ್ತದೆ ಅಂತ ಭರವಸೆ ಕೊಟ್ಟೆ. ಎಲ್ಲರಿಗೂ ಅವರ ಲೆಕ್ಕದಲ್ಲೇ ಇನ್ನೊಂದು ಕಾಫಿ ಬಂತು. ನಾನು ಖುಷಿಯಲ್ಲಿ ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ ಐದನೇ ಪುಟ ತೋರಿಸಿದೆ.

“ಈ ಗೆರೆ ಎಂತದ್ದು?”

“ದಿನಕ್ಕೆ ಎಷ್ಟು ಪ್ಲೇಟ್ ಇಡ್ಲಿ ಹೋಯಿತು ಅಂತ. 14 ತಿಂಗಳದ್ದು, ಒಂದು ದಿನವೂ ಬಿಟ್ಟಿಲ್ಲ.”

ಶೆಟ್ರು ಕನ್ನಡಕ ಹಾಕಿಕೊಂಡರು. ಬೆರಳಿನಿಂದ ಗೆರೆಯನ್ನು ಗಣೇಶ ಚೌತಿಯವರೆಗೆ ಹಿಂಬಾಲಿಸಿದರು. ಕನ್ನಡಕ ತೆಗೆದರು. ದನಿ ಇಳಿಯಿತು.

“ಮಾಷ್ಟ್ರೆ, ಇದನ್ನು ಜಿಎಸ್‌ಟಿಯವರು ಓದುತ್ತಾರಾ?”

“ಯಾರು ಬೇಕಾದರೂ ಓದಬಹುದು ಶೆಟ್ರೆ, ಲೈಬ್ರರಿಯಲ್ಲಿ ಶಾಶ್ವತವಾಗಿ ಇರುತ್ತದೆ.”

ಅವರು ಗಲ್ಲಾದ ಕಡೆ ನೋಡಿದರು. ಕೆಳಗೆ, ತುಪ್ಪದ ಡಬ್ಬಿಗೆ ಒರಗಿ ಹೋಟೆಲಿನ ಬೆಕ್ಕು ಮಲಗಿತ್ತು.

“ನನ್ನ ಹೆಸರು ಬೇಡ ಮಾರ್ರೆ,” ಅಂದರು. “ಅದರದ್ದೇ ಹಾಕಿ.”