ಅಪ್‌ಡೇಟ್: ಭೂಕಂಪದ ಶಕ್ತಿ ಲೆಕ್ಕ, ಕ್ಯಾಲ್ಕುಲೇಟರ್ ಸರಿಹೋಯ್ತು

ನೆನಪಿದೆಯಾ? ಭೂಕಂಪದ ಶಕ್ತಿ ಲೆಕ್ಕ ಹಾಕೋ ನನ್ನ ಕ್ಯಾಲ್ಕುಲೇಟರ್ ಪ್ರೋಗ್ರಾಂ ಯಾಕೆ ತಪ್ಪು ಉತ್ತರ ಕೊಡ್ತಿದೆ ಅಂತ ನಿಮ್ಮನ್ನ ಕೇಳಿದ್ದೆ. 2001ರ ಭುಜ್ ಭೂಕಂಪಕ್ಕೆ (ತೀವ್ರತೆ 7.7) ನನ್ನ ಕ್ಯಾಸಿಯೋ ಪ್ರೋಗ್ರಾಂ 2.24×10²³ ತೋರಿಸುತ್ತಿತ್ತು, ಪುಸ್ತಕದಲ್ಲಿ ಮಾತ್ರ 2.24×10¹⁶ ಜೂಲ್ ಅಂತಿತ್ತು.

ಡಿಸ್‌ಪ್ಲೇ ಮೋಡ್ ಬದಲಿಸಿ ಎಂದವರ ಸಲಹೆಯಿಂದ ಅಂಕಿ ಕಾಣುವ ರೀತಿ ಬದಲಾಯ್ತು, ಅಷ್ಟೇ. ಎಕ್ಸ್‌ಪ್ ಕೀ (10ರ ಘಾತ ಹಾಕುವ ಕೀ) ಬಳಸಿದರೆ ಸಿಂಟ್ಯಾಕ್ಸ್ ಎರರ್. ಆ ಕೀ ಮುಂದೆ ಬರೀ ಅಂಕಿ ಹಾಕಬಹುದು, ವೇರಿಯಬಲ್ ಹಾಕೋಕಾಗಲ್ಲ.

ಗೆದ್ದಿದ್ದು "ಯೂನಿಟ್ ನೋಡ್ರೀ" ಅಂದವರು. ನಾನು ಹಾಕಿದ್ದ ಸೂತ್ರ 10^(1.5ಎಂ+11.8), ಎಂ ಅಂದರೆ ತೀವ್ರತೆ. ಅದರಲ್ಲಿದ್ದ 11.8 ಶಕ್ತಿಯನ್ನ ಎರ್ಗ್‌ನಲ್ಲಿ (ಜೂಲ್‌ಗಿಂತ ತುಂಬಾ ಚಿಕ್ಕ ಅಳತೆ) ಲೆಕ್ಕ ಹಾಕೋಕೆ. ಜೂಲ್ ಬೇಕಾದರೆ 4.8. ಒಂದು ಜೂಲ್‌ಗೆ ಒಂದು ಕೋಟಿ ಎರ್ಗ್ ಅಲ್ವಾ, ವ್ಯತ್ಯಾಸ ಪೂರ್ತಿ ಅಲ್ಲೇ ಇತ್ತು. ಈಗಿನ ಪ್ರೋಗ್ರಾಂ ಒಂದೇ ಸಾಲು:

?→ಎಂ : 10^(1.5ಎಂ+4.8)

(ಎಂ ಜಾಗದಲ್ಲಿ ಕ್ಯಾಲ್ಕುಲೇಟರ್‌ನ ಇಂಗ್ಲಿಷ್ ಅಕ್ಷರ ಒತ್ತಿ. ಬ್ರಾಕೆಟ್ ಬಿಡಬೇಡಿ.)

ಆಮೇಲೆ ಸುಮ್ನೆ 1993ರ ಲಾತೂರ್ ಭೂಕಂಪದ 6.2 ಹಾಕಿದೆ. 1.26×10¹⁴ ಜೂಲ್ ಬಂತು. ತೀವ್ರತೆಯಲ್ಲಿ ಒಂದೂವರೆ ಅಂಕ ಜಾಸ್ತಿ, ಶಕ್ತಿಯಲ್ಲಿ ಭುಜ್ ಸುಮಾರು 178 ಪಟ್ಟು! ಬರೀ 0.2 ಏರಿದರೂ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ. ಹಾಗಾಗಿ ಒಂದೊಂದು ಕಡೆ 7.6, 7.7 ಅಂತ ಬರೆದಿದ್ದರೆ ಉತ್ತರವೂ ಸಾಕಷ್ಟು ಬೇರೆ ಬರುತ್ತೆ, ಗಾಬರಿಯಾಗಬೇಡಿ.