ಗ್ರೈಂಡರ್‌ನ ಕಟಿಂಗ್ ವೀಲ್ ಪೈಪಿನಲ್ಲಿ ಕಚ್ಚಿಕೊಂಡು ಎಗರುತ್ತದೆ, ಜೊತೆಗೆ ಕೈ ಜುಮ್ ಎನ್ನುತ್ತದೆ

ಚೌಕಪೈಪ್:
100 ಮಿ.ಮೀ. ಆಂಗಲ್ ಗ್ರೈಂಡರ್, 850 ವ್ಯಾಟ್. 40 ಮಿ.ಮೀ. ಚೌಕ ಪೈಪನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ನಡುವೆ ಕತ್ತರಿಸುತ್ತಿದ್ದೇನೆ. ವೀಲ್ 1 ಮಿ.ಮೀ. ದಪ್ಪದ್ದು. ಮೇಲಿನ ಗೋಡೆ ದಾಟಿ ಪಕ್ಕದ ಗೋಡೆಗಳು ಅರ್ಧ ಇಳಿಯುವಷ್ಟರಲ್ಲಿ ವೀಲ್ ಸಿಕ್ಕಿಕೊಂಡು ಮಿಷಿನ್ ಮೇಲಕ್ಕೆ ಎಗರುತ್ತದೆ. ಗಾರ್ಡ್ ಇದ್ದರೆ ಅಷ್ಟು ಆಳ ಇಳಿಯುವುದಿಲ್ಲ, ಅದಕ್ಕೆ ಬಿಚ್ಚಿದ್ದೇನೆ. ಇನ್ನೊಂದು: 30 ಮೀಟರ್ ಎಕ್ಸ್‌ಟೆನ್ಶನ್‌ನಲ್ಲಿ ಓಡಿಸುವಾಗ ಮುಂದಿನ ಲೋಹದ ಭಾಗ ಮುಟ್ಟಿದರೆ ಜುಮ್ ಎನ್ನುತ್ತದೆ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಮಾತ್ರ ಬೀಳುವುದಿಲ್ಲ. ಇದೇ ಮಿಷಿನ್‌ಗೆ ಹಲ್ಲಿನ ಬ್ಲೇಡ್ ಹಾಕಿ ಮರ ಕೊಯ್ಯಬಹುದೇ?

ಕಬ್ಬಿಣಗೆಲಸ:
ಮೊದಲು ಇಟ್ಟಿಗೆ ವಿಷಯ, ಎಗರುವುದಕ್ಕೆ ಕಾರಣ ಅಲ್ಲೇ ಇದೆ. ಎರಡೂ ತುದಿಗೆ ಆಸರೆ ಕೊಟ್ಟು ನಡುವೆ ಕತ್ತರಿಸಿದರೆ, ಕೊಯ್ದಷ್ಟೂ ಪೈಪ್ ನಡುವೆ ಜೋತುಬೀಳುತ್ತದೆ. ಆಗ ಕೊಯ್ತದ ಬಾಯಿ ಮೇಲಿನಿಂದ ಮುಚ್ಚಿಕೊಂಡು ವೀಲನ್ನು ಎರಡೂ ಕಡೆಯಿಂದ ಹಿಸುಕುತ್ತದೆ. ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ವೀಲ್ ಒಮ್ಮೆಲೇ ನಿಂತರೆ ಆ ಬಲವೆಲ್ಲ ಮಿಷಿನ್ ದೇಹಕ್ಕೆ ಬರುತ್ತದೆ. ವೀಲ್ ತೆಳ್ಳಗಿದ್ದರೆ ಅಲ್ಲೇ ಸೀಳುತ್ತದೆ. ನೀವು ಒತ್ತಿ ಹಿಡಿದಷ್ಟೂ ಪೈಪ್ ಇನ್ನಷ್ಟು ಬಾಗುತ್ತದೆ.

ಪೈಪನ್ನು ವೈಸ್‌ನಲ್ಲಿ ಅಥವಾ ಕ್ಲ್ಯಾಂಪ್ ಹಾಕಿ ಬಿಗಿಯಿರಿ, ಗುರುತಿನ ಗೆರೆ ಬಿಗಿದ ಜಾಗಕ್ಕೆ ಹತ್ತಿರವೇ ಇರಲಿ. ಬೀಳಬೇಕಾದ ತುಂಡು ಹೊರಗೆ ಚಾಚಿರಲಿ. ಆಗ ಅದು ತನ್ನ ತೂಕಕ್ಕೆ ಕೆಳಗೆ ಬಾಗಿ ಕೊಯ್ತದ ಬಾಯಿ ತೆರೆಯುತ್ತದೆ. ತುಂಡು ಉದ್ದವಾಗಿದ್ದರೆ ಅದರ ಕೆಳಗೂ ಒಂದು ಆಸರೆ ಬೇಕು, ಆದರೆ ಕೂದಲೆಳೆ ತಗ್ಗಿನಲ್ಲಿ. ಆ ಆಸರೆ ಎತ್ತರವಾಯಿತೋ, ಮತ್ತೆ ಅದೇ ಕಥೆ.

40 ಮಿ.ಮೀ. ಪೈಪನ್ನು ಈ ಮಿಷಿನ್‌ನಲ್ಲಿ ಒಂದೇ ಏಟಿಗೆ ದಾಟಿಸುವ ಯೋಚನೆ ಬಿಡಿ. ಗುಣಿಯಳತೆ (ಲಂಬಕೋನದ ಪಟ್ಟಿ) ಇಟ್ಟು ನಾಲ್ಕೂ ಮುಖಕ್ಕೆ ಗೆರೆ ಎಳೆಯಿರಿ, ಒಂದೊಂದು ಗೋಡೆಯನ್ನು ಕೊಯ್ದು ಪೈಪ್ ತಿರುಗಿಸಿ. ಗೋಡೆ 2 ಮಿ.ಮೀ. ಇದ್ದರೆ ವೀಲ್ ಅಷ್ಟೇ ಇಳಿದರೆ ಸಾಕು. ಗಾರ್ಡ್ ಅಡ್ಡ ಬರುವ ಪ್ರಶ್ನೆಯೇ ಇಲ್ಲ.

ವೀಲ್ ಪೂರ್ತಿ ವೇಗಕ್ಕೆ ಬಂದ ಮೇಲೆ ತಾಗಿಸಿ. ಅರ್ಧ ಕೊಯ್ದ ಸೀಳಿನೊಳಗೆ ವೀಲ್ ಇಟ್ಟು ಸ್ವಿಚ್ ಹಾಕಬೇಡಿ. ಗೇರ್‌ಹೆಡ್ (ಮುಂದಿನ ಲೋಹದ ಭಾಗ) ಮೇಲಿನ ಬಾಣ ನೋಡಿಕೊಳ್ಳಿ: ತಳ್ಳುವಾಗ ಮಿಷಿನ್ ಸ್ವಲ್ಪ ಎದುರೊತ್ತಬೇಕು. ತಾನಾಗಿ ಮುಂದಕ್ಕೆ ಎಳೆದುಕೊಂಡು ಓಡುತ್ತಿದ್ದರೆ ದಿಕ್ಕು ತಪ್ಪು, ಸೀಳಿನಿಂದ ಹಾರಿ ಹೊರಬರುತ್ತದೆ. ಕೊಯ್ಯುವಾಗ ಮಿಷಿನ್ ಓರೆ ಮಾಡಿ ಗೆರೆ ಸರಿಪಡಿಸಲು ಹೋಗಬೇಡಿ, 1 ಮಿ.ಮೀ. ವೀಲ್ ಪಕ್ಕದ ಒತ್ತಡ ತಾಳುವುದಿಲ್ಲ. ಮೊನೆ ಉಜ್ಜಲು 6 ಮಿ.ಮೀ. ಗ್ರೈಂಡಿಂಗ್ ವೀಲ್ ಬೇರೆಯೇ ಇದೆ.

ಗಾರ್ಡ್ ಇವತ್ತೇ ಹಾಕಿ, ಮುಚ್ಚಿದ ಬದಿ ನಿಮ್ಮ ಕಡೆಗಿರಲಿ. ಪಕ್ಕದ ಹಿಡಿಯೂ ಬೇಕು, ಎರಡೂ ಕೈ ಮಿಷಿನ್ ಮೇಲೆ. ವೀಲಿನ ನೇರಕ್ಕೆ ಮುಖ, ಎದೆ ತರದೆ ಒಂದು ಪಕ್ಕಕ್ಕೆ ನಿಲ್ಲಿ.

ವೈಂಡಿಂಗ್ ಶಾಪ್:
ಆ ಜುಮ್ ಅನ್ನುವುದನ್ನು ಸಣ್ಣದೆಂದು ಬಿಡಬೇಡಿ, ಪತ್ತೆಯಾಗುವವರೆಗೆ ಮಿಷಿನ್ ಓಡಿಸಬೇಡಿ. 1 ಮಿಲಿಆಂಪ್ ಆಸುಪಾಸಿನಲ್ಲೇ ಮನುಷ್ಯನಿಗೆ ಜುಮ್ ಗೊತ್ತಾಗುತ್ತದೆ, ಆರ್‌ಸಿಸಿಬಿ 30 ಮಿಲಿಆಂಪ್‌ನದು. ಅದು ಬೀಳಲಿಲ್ಲ ಅಂದರೆ ಸೋರಿಕೆ ಇಲ್ಲ ಎಂದಲ್ಲ. ಒದ್ದೆ ನೆಲ, ಬೆವರಿದ ಕೈ ಸೇರಿದರೆ ಅದೇ ಸೋರಿಕೆ ಬಲವಾಗುತ್ತದೆ, 10 ಮಿಲಿಆಂಪ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳಲೂ ಆಗದಿರಬಹುದು.

ನೇಮ್‌ಪ್ಲೇಟ್‌ನಲ್ಲಿ ಚೌಕದೊಳಗೊಂದು ಚೌಕದ ಗುರುತು ಇದೆಯೇ? ಇದ್ದರೆ ಡಬಲ್ ಇನ್ಸುಲೇಷನ್, ಎರಡೇ ತಂತಿ, ಅರ್ಥ್ ಇರುವುದಿಲ್ಲ. ಆ ಗುರುತಿಲ್ಲದೆ ಮೂರು ತಂತಿ ಇದ್ದರೆ ಎಕ್ಸ್‌ಟೆನ್ಶನ್‌ನ ಅರ್ಥ್ ತಂತಿ ಎಲ್ಲೋ ಕಡಿದಿದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಿ.

ಎಕ್ಸ್‌ಟೆನ್ಶನ್ ತಂತಿ ಎಷ್ಟು ದಪ್ಪ ಎಂದು ಬರೆದಿಲ್ಲ. 30 ಮೀಟರ್‌ಗೆ 1.5 ಚ.ಮಿ.ಮೀ. ತಾಮ್ರ ಹಾಕಿ, 2,000 ವ್ಯಾಟ್ ದಾಟಿದ ದೊಡ್ಡ ಮಿಷಿನ್‌ಗೆ 2.5. ರೀಲ್ ಆಗಿದ್ದರೆ ಪೂರ್ತಿ ಬಿಚ್ಚಿ ಓಡಿಸಿ. ಸುತ್ತಿಟ್ಟ ತಂತಿಯ ಬಿಸಿ ಒಳಗೇ ಉಳಿದು ಇನ್ಸುಲೇಷನ್ ಕರಗುತ್ತದೆ.

ಚೌಕಪೈಪ್:
ಚೌಕದೊಳಗೆ ಚೌಕ ಇದೆ, ಎರಡೇ ತಂತಿ. ಗಾಳಿ ಕಿಂಡಿಯಲ್ಲಿ ಕಿಡಿಯೂ ಜಾಸ್ತಿ ಕಾಣುತ್ತದೆ.

ವೈಂಡಿಂಗ್ ಶಾಪ್:
ಹಾಗಿದ್ದರೆ ಒಳಗೆ ಕಾರ್ಬನ್ ಪುಡಿ, ಕಬ್ಬಿಣದ ಪುಡಿ ಕಟ್ಟಿಕೊಂಡು ಕರೆಂಟ್ ಹರಿಯಲು ದಾರಿ ಆಗಿರುವ ಸಾಧ್ಯತೆಯೇ ಹೆಚ್ಚು. ಪ್ಲಗ್ ಕಿತ್ತು, ಕನ್ನಡಕ ಹಾಕಿಕೊಂಡು, ಒಣ ಗಾಳಿಯಿಂದ ಕಿಂಡಿಗಳನ್ನು ಊದಿ. ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ತುಂಡು) ಮುಚ್ಚಳ ತೆಗೆದು ಕಾರ್ಬನ್ ಅಳೆಯಿರಿ: 5–6 ಮಿ.ಮೀ. ಅಥವಾ ಅದರ ಮೇಲಿನ ಗೆರೆಗೆ ಬಂದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಹಾಕಿದರೆ ಒತ್ತಡ ಸಮವಾಗದೆ ಕಿಡಿ ಮುಂದುವರಿಯುತ್ತದೆ.

ಆಮೇಲೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಪರೀಕ್ಷೆ ಮಾಡಿಸಿ. ಪ್ಲಗ್‌ನ ಎರಡೂ ಪಿನ್ ಸೇರಿಸಿ ಒಂದು ತುದಿ, ಗೇರ್‌ಹೆಡ್‌ಗೆ ಇನ್ನೊಂದು, ಮಿಷಿನ್ ಸ್ವಿಚ್ ಆನ್ ಸ್ಥಿತಿಯಲ್ಲಿರಲಿ. ಆಫ್ ಇದ್ದರೆ ಸ್ವಿಚ್‌ನಾಚೆಯ ವೈಂಡಿಂಗ್ ಪರೀಕ್ಷೆಗೆ ಪೂರ್ತಿ ಸಿಗುವುದಿಲ್ಲ, ಅಂಕಿ ಚೆನ್ನಾಗಿ ಬಂದು ಮೋಸಹೋಗುತ್ತೀರಿ. ಸ್ವಚ್ಛ ಮಾಡಿದ ಮೇಲೂ ಕೆಲವೇ ಮೆಗಾಓಮ್ ತೋರಿಸಿದರೆ ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಅಥವಾ ಫೀಲ್ಡ್ ಕಾಯಿಲ್ (ಅದರ ಸುತ್ತಲಿನ ತಿರುಗದ ಸುರುಳಿ) ಬದಲಾಗಬೇಕು. ಕಿಡಿ ಕಮ್ಯುಟೇಟರ್ (ಆರ್ಮೇಚರ್ ಮೇಲೆ ಬ್ರಷ್ ತಾಗುವ ತಾಮ್ರದ ಭಾಗ) ಸುತ್ತ ಉಂಗುರದಂತೆ ಹರಡಿದರೂ ಅಷ್ಟೇ, ಬ್ರಷ್ ಹಾಕಿ ಉಪಯೋಗವಿಲ್ಲ.

ಮರಗೆಲಸ:
ಹಲ್ಲಿನ ಬ್ಲೇಡ್ ಬೇಡ. ಮರದ ಗಂಟು ಸಿಕ್ಕ ಕ್ಷಣ ಹಲ್ಲು ಕಚ್ಚಿ ಮಿಷಿನ್ ಕೈಯಿಂದ ಕಿತ್ತುಕೊಳ್ಳುತ್ತದೆ, ಗ್ರೈಂಡರ್ ಗಾರ್ಡ್ ಅರ್ಧ ತೆರೆದೇ ಇರುತ್ತದೆ. ಸರ್ಕ್ಯುಲರ್ ಸಾ ಸಾಮಾನ್ಯವಾಗಿ 5,000 ಸುತ್ತಿನ ಆಸುಪಾಸಿನಲ್ಲಿ ಓಡುತ್ತದೆ, ಮರದ ಮೇಲೆ ಕೂರುವ ತಟ್ಟೆ ಇದೆ, ಎತ್ತಿದ ಕೂಡಲೇ ಸ್ಪ್ರಿಂಗ್ ಗಾರ್ಡ್ ಬ್ಲೇಡನ್ನು ಮುಚ್ಚುತ್ತದೆ. ಇದ್ಯಾವುದೂ ಗ್ರೈಂಡರ್‌ನಲ್ಲಿಲ್ಲ.

ಕಬ್ಬಿಣಗೆಲಸ:
ವೀಲ್ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಅದರ ಮೇಲಿನ ಗರಿಷ್ಠ ಆರ್‌ಪಿಎಂ ಮಿಷಿನ್‌ನದಕ್ಕಿಂತ ಹೆಚ್ಚಿರಬೇಕು. ವೀಲಿನ ಅಂಚಿನ ವೇಗ 80 ಮೀಟರ್/ಸೆಕೆಂಡ್ ಎಂಬ ಲೆಕ್ಕದಲ್ಲಿ 100ರ ವೀಲಿಗೆ ಸುಮಾರು 15,200, 125ಕ್ಕೆ 12,200, 180ಕ್ಕೆ 8,500. ಗಾರ್ಡ್ ಬಿಚ್ಚಿ 180ರ ವೀಲ್ ತೂರಿಸಿದರೆ ಸಿಡಿಯುವುದು ಇದರಿಂದಲೇ. ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಇರುತ್ತದೆ. ವೀಲನ್ನು ಹಿಡಿದಿಡುವ ರಾಳ ಹಳತಾದರೆ, ತೇವ ಕುಡಿದರೆ ಹಿಡಿತ ಹೋಗುತ್ತದೆ, ಆ ದಿನಾಂಕ ದಾಟಿದ್ದನ್ನು ಹಾಕಬೇಡಿ. ಬಿದ್ದ ವೀಲ್ ಕೂಡ ಬೇಡ. ಹೊಸದನ್ನು ಹಾಕಿದ ಮೇಲೆ ಯಾರೂ ಇಲ್ಲದ ಕಡೆ ತಿರುಗಿಸಿ ಒಂದು ನಿಮಿಷ ಖಾಲಿ ಓಡಿಸಿ. ಕನ್ನಡಕದ ಮೇಲೆ ಫೇಸ್ ಶೀಲ್ಡ್ ಇರಲಿ, ಕಿವಿಗೆ ಮಫ್.

ಕರೆಂಟ್ ಹೋದರೆ ಮೊದಲು ಸ್ವಿಚ್ ಲಾಕ್ ತೆಗೆಯಿರಿ. ಇಲ್ಲದಿದ್ದರೆ ಕರೆಂಟ್ ಬಂದ ತಕ್ಷಣ ಕೆಳಗಿಟ್ಟ ಗ್ರೈಂಡರ್ ತಾನೇ ಶುರುವಾಗಿ ನೆಲದ ಮೇಲೆ ಓಡುತ್ತದೆ.