ಕಯಾಕ್‌ಗೆ ಹೊಸ ಫಿಶ್‌ಫೈಂಡರ್: ಒಮ್ಮೆ 9 ಅಡಿ, ಮರುಕ್ಷಣ 18 ಅಡಿ ತೋರಿಸುತ್ತಿದೆ

ಹಿನ್ನೀರ ಹುಟ್ಟು, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದ ಪ್ರೌಢಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಅಕ್ಕನನ್ನು ಕೊಟ್ಟ ಊರು ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿದೆ. ಹುಟ್ಟು ಹಾಕಿ ನಡೆಸುವ ನನ್ನ ಹತ್ತು ಅಡಿಯ ಪ್ಲಾಸ್ಟಿಕ್ ದೋಣಿ, ಅಂದರೆ ಕಯಾಕ್, ಅವರ ದನದ ಕೊಟ್ಟಿಗೆಯ ಗೋಡೆಗೆ ಒರಗಿರುತ್ತದೆ. ಭಾನುವಾರ ಬೆಳಕು ಹರಿಯುವ ಮುನ್ನ ನೀರಿಗಿಳಿದು ಬಿಸಿಲೇರುವ ಹೊತ್ತಿಗೆ ದಂಡೆಗೆ ಬರುತ್ತೇನೆ. ಆರು ವರ್ಷದಿಂದ ಗಾಳ ಹಾಕುತ್ತಿದ್ದೇನೆ. ನೀರಿನೊಳಗೆ ಏನಿದೆ ಎಂಬುದನ್ನು ಮಾತ್ರ ಒಂದು ದಿನವೂ ಕಂಡಿಲ್ಲ.

ದೀಪಾವಳಿಗೆ ಫಿಶ್‌ಫೈಂಡರ್ ಕೊಂಡೆ. ನೀರಿಗೆ ಶಬ್ದ ಕಳಿಸಿ, ಮರಳಿ ಬರುವ ಮಾರ್ದನಿಯಿಂದ ಆಳ, ತಳ, ಮೀನು ತೋರಿಸುವ ಯಂತ್ರ. ನಾಲ್ಕು ಇಂಚಿನ ಪರದೆ. ಶಬ್ದದ 77 ಮತ್ತು 200 ಕಿಲೋಹರ್ಟ್ಸ್ ಕಂಪನ ಎರಡರಲ್ಲೂ ಕೆಲಸ ಮಾಡುತ್ತದೆ. ಕಯಾಕ್‌ಗೆ ತೂತು ಕೊರೆಯಲು ಮನಸ್ಸಾಗದೆ, ಶಬ್ದ ಕಳಿಸಿ ಮಾರ್ದನಿ ಹಿಡಿಯುವ ಭಾಗವಾದ ಟ್ರಾನ್ಸ್‌ಡ್ಯೂಸರನ್ನು ಒಳಗಡೆಯೇ, ಸೀಟಿನ ಹಿಂದೆ, ತಳಕ್ಕೆ ಸಿಲಿಕೋನ್ ಅಂಟು ಹಚ್ಚಿ ಕೂರಿಸಿದ್ದೇನೆ. ಮೂರು ಭಾನುವಾರ ಕಳೆದಿವೆ. ತೊಂದರೆಗಳು ಹೀಗಿವೆ.

ದಂಡೆಯಿಂದ ಕೂಗಳತೆಯಲ್ಲಿ ಒಂದು ಜಾಗವಿದೆ. ಅಲ್ಲಿ ಆಳ 9 ಅಡಿ ಎಂದು ತೋರಿಸುತ್ತದೆ, ಮರುಕ್ಷಣ 18 ಎನ್ನುತ್ತದೆ, ಮತ್ತೆ 9. ಹಳ್ಳ ಬಂದು ಸೇರುವ ಕಡೆ ಹೋದರೆ ತಳದ ಗೆರೆ ತೆಳ್ಳಗಾಗಿ ಆಗಾಗ ಮಾಯವೇ ಆಗುತ್ತದೆ. ಪರದೆಯ ತುಂಬ ಮೀನಿನ ಗುರುತುಗಳು ಬರುತ್ತವೆ. ಅವುಗಳ ಮೇಲೆಯೇ ಎರಡು ಗಂಟೆ ಎರೆಹುಳು ಬಿಟ್ಟು ಕುಳಿತರೂ ಒಂದು ಮೀನು ಕಚ್ಚಲಿಲ್ಲ. ಕೊನೆಯದು ಬ್ಯಾಟರಿ. ಮನೆಯ ಯುಪಿಎಸ್‌ನಿಂದ ತೆಗೆದ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಹಾಕಿದ್ದೇನೆ. ಎರಡೂವರೆ ಗಂಟೆಗೆ ಪರದೆ ಆರಿಹೋಗುತ್ತದೆ.

ಭಾವ ಹರಿಗೋಲಿನಲ್ಲಿ ಬಲೆ ಬಿಡುವವರು. "ಯಂತ್ರ ಬಿಡು, ನನ್ನ ಹಿಂದೆ ಬಾ, ಮೀನು ಎಲ್ಲಿದೆ ನಾನು ತೋರಿಸುತ್ತೇನೆ" ಎನ್ನುತ್ತಾರೆ. ತೋರಿಸಿಯೂ ತೋರಿಸುತ್ತಾರೆ. ಆದರೆ ನನಗೆ ಮೀನಿಗಿಂತ ತಳ ನೋಡುವ ಆಸೆ ಹೆಚ್ಚು. 1953ರಲ್ಲಿ ಅಣೆಕಟ್ಟೆಯ ಹಿಂದೆ ನೀರು ನಿಂತಾಗ ಅಕ್ಕನ ಮಾವನವರ ಮನೆತನದ ಹೊಲ ಒಳಗೆ ಹೋಯಿತು. ಅವರಿಗೆ ಆಗ ಎಂಟು ವರ್ಷ. ಹೊಲದಲ್ಲಿ ಕಲ್ಲು ಕಟ್ಟಿದ ಬಾವಿ ಇತ್ತು ಎಂದು ಇವತ್ತಿಗೂ ಹೇಳುತ್ತಾರೆ. ಅದರ ಮೇಲೆ ನಾನು ಎಷ್ಟು ಸಲ ಹುಟ್ಟು ಹಾಕಿ ಹೋಗಿದ್ದೇನೋ. ಬಲ್ಲವರು ದಯವಿಟ್ಟು ತಿಳಿಸಿ.

ಗಂಗಾವತಿ ದಂಡೆ

ಸರ್, ಮೊದಲು ಟ್ರಾನ್ಸ್‌ಡ್ಯೂಸರ್ ವಿಚಾರ ಮುಗಿಸೋಣ. ಅದು ಸರಿಯಿಲ್ಲದೆ ಉಳಿದದ್ದೆಲ್ಲ ವ್ಯರ್ಥ.

ಒಳಗೆ ಅಂಟಿಸುವುದು ತಪ್ಪಲ್ಲ. ಶಬ್ದ ಪ್ಲಾಸ್ಟಿಕ್ ತಳವನ್ನು ದಾಟಿ ಹೋಗಿ ಬರುತ್ತದೆ, ಗಾಳಿಯನ್ನು ಮಾತ್ರ ದಾಟುವುದಿಲ್ಲ. ಅಂಟಿನೊಳಗೆ ಸಾಸಿವೆಯಷ್ಟು ಗುಳ್ಳೆಗಳು ನಾಲ್ಕಾರು ಸಿಕ್ಕಿಕೊಂಡಿದ್ದರೆ ಹೋಗುವಾಗ ಅರ್ಧ, ಬರುವಾಗ ಅರ್ಧ ಬಲ ಅಲ್ಲೇ ಸೋರುತ್ತದೆ. ತಳದಲ್ಲಿ ಫೋಮ್ ಪದರ ಇರುವ ಕಯಾಕ್ ಆಗಿದ್ದರಂತೂ ಒಳಗಿನ ಜೋಡಣೆ ಆಗುವುದೇ ಇಲ್ಲ. ಒಂದೇ ಪದರದ ಗಟ್ಟಿ ಪ್ಲಾಸ್ಟಿಕ್ ಬೇಕು.

ಪರೀಕ್ಷೆ ಸುಲಭ. ಅಂಟನ್ನು ಎಬ್ಬಿಸಿ. ಕಯಾಕ್ ನೀರಿನಲ್ಲಿ ತೇಲುತ್ತಿರುವಾಗ ಟ್ರಾನ್ಸ್‌ಡ್ಯೂಸರನ್ನು ಕೈಯಿಂದ ಪಕ್ಕದಲ್ಲಿ ನೀರಿಗೆ ಇಳಿಸಿ, ಮುಖ ನೇರ ಕೆಳಗೆ ಇರಲಿ. ಬರುವ ಚಿತ್ರವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ಕಯಾಕ್ ಒಳಗೆ ಎರಡು ಲೋಟ ನೀರು ಸುರಿದು ಅದರೊಳಗೆ ಟ್ರಾನ್ಸ್‌ಡ್ಯೂಸರ್ ಇಡಿ. ಎರಡು ಚಿತ್ರಗಳು ಹೆಚ್ಚುಕಡಿಮೆ ಒಂದೇ ತೆರನಾಗಿದ್ದರೆ ನಿಮ್ಮ ತಳ ಒಳ್ಳೆಯದು, ಕೆಟ್ಟದ್ದು ಅಂಟು. ಒಳಗಿನ ಚಿತ್ರ ಮಂಕಾಗಿದ್ದರೆ ಜಾಗ ಬದಲಿಸಿ.

ಇನ್ನೊಂದು ಮಾತು. ಒಳಗಿದ್ದರೆ ಉಷ್ಣಾಂಶದ ಅಂಕಿಯನ್ನು ನಂಬಬೇಡಿ, ಅದು ನೀರಿನದಲ್ಲ, ಕಯಾಕ್‌ನ ಹೊಟ್ಟೆಯದು. 455, 800 ಕಿಲೋಹರ್ಟ್ಸ್‌ನಲ್ಲಿ ಫೋಟೊದಂತಹ ಚಿತ್ರ ಕೊಡುವ ಯಂತ್ರಗಳಿವೆಯಲ್ಲ, ಅವು ಒಳಗಿನಿಂದ ಸರಿಯಾಗಿ ಕೆಲಸ ಮಾಡುವುದಿಲ್ಲ.

ನಾನು ಎರಡು ವರ್ಷ ಒಳಗೆ ಇಟ್ಟು, ಈಗ ಹೊರಗೆ ತಂದಿದ್ದೇನೆ. ಒಂದು ಅಲ್ಯೂಮಿನಿಯಂ ಪಟ್ಟಿ, ಕೆಳತುದಿಗೆ ಟ್ರಾನ್ಸ್‌ಡ್ಯೂಸರ್, ಮೇಲ್ತುದಿ ಪಕ್ಕದ ಹಳಿಗೆ ಒಂದೇ ಬೋಲ್ಟ್‌ನಲ್ಲಿ. ಬೋಲ್ಟ್ ಬಿಗಿ ಎಷ್ಟಿರಬೇಕೆಂದರೆ ಕಲ್ಲಿಗೆ ಬಡಿದರೆ ಪಟ್ಟಿ ಹಿಂದಕ್ಕೆ ಮಡಚಿಕೊಳ್ಳಬೇಕು, ಮುರಿಯಬಾರದು. ದಂಡೆಗೆ ಬರುವಾಗ ಎತ್ತಲು ಒಂದು ಹಗ್ಗ. ಹುಟ್ಟಿಗೆ ತಾಗದಷ್ಟು ಹಿಂದೆ ಇರಲಿ.

ತಂತಿ ಕೆಲಸ, ಬಳ್ಳಾರಿ

ಬ್ಯಾಟರಿ ಬಗ್ಗೆ ಮಾತ್ರ ಹೇಳುತ್ತೇನೆ. ನಾಲ್ಕು ಇಂಚಿನ ಯಂತ್ರ ಅರ್ಧ ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ, 0.4 ಎಂದುಕೊಳ್ಳಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಬಾರದು. 7ರಲ್ಲಿ ಅರ್ಧ 3.5. ಅಂದರೆ ಎಂಟು ಗಂಟೆಗೂ ಮೀರಿ ಬರಬೇಕಿತ್ತು. ಎರಡೂವರೆ ಗಂಟೆಗೆ ಆರಿತೆಂದರೆ ನಿಮ್ಮ ಬ್ಯಾಟರಿಯಲ್ಲಿ ಉಳಿದಿರುವುದು ಒಂದು ಆಂಪಿಯರ್ ಅವರ್ ಅಷ್ಟೇ. ಯುಪಿಎಸ್‌ನಿಂದ ತೆಗೆದದ್ದು ಎಂದಿರಿ, ಅದರ ಆಯುಸ್ಸು ಮುಗಿದಿದೆ. ಅದನ್ನು ಗುಜರಿಗೆ ಕೊಟ್ಟುಬಿಡಿ.

ಕೈಯಲ್ಲಿ ದುಡ್ಡಿದ್ದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತೆಗೆದುಕೊಳ್ಳಿ. ಅಷ್ಟೇ ಶಕ್ತಿಗೆ ಸೀಸದ್ದು ಎರಡು ಕಿಲೋ ಮೀರುತ್ತದೆ, ಇದು ಅದರ ಅರ್ಧಕ್ಕಿಂತ ಕಡಿಮೆ. ಹತ್ತು ಅಡಿಯ ಕಯಾಕ್‌ನಲ್ಲಿ ಈ ವ್ಯತ್ಯಾಸ ತಿಳಿಯುತ್ತದೆ. ಆದರೆ ಇದರ ವೋಲ್ಟೇಜ್ 13ರ ಆಸುಪಾಸಿನಲ್ಲೇ ನಿಂತಿದ್ದು ಕೊನೆಯಲ್ಲಿ ಒಮ್ಮೆಲೇ ಬೀಳುತ್ತದೆ, ಪರದೆಯ ವೋಲ್ಟ್ ನೋಡಿ ಎಷ್ಟು ಉಳಿದಿದೆ ಎಂದು ಅಂದಾಜು ಮಾಡಲಾಗದು. ಗಂಟೆ ಎಣಿಸಿ. ಅದಕ್ಕೆಂದೇ ಮಾಡಿದ ಚಾರ್ಜರ್ ಇಲ್ಲದೆ ಚಾರ್ಜ್ ಮಾಡಲೇಬೇಡಿ.

ಫ್ಯೂಸ್ ಹಾಕಿದ್ದೀರಾ? ನೀವು ಬರೆದಿಲ್ಲ. ಯಂತ್ರದ ಪುಸ್ತಕದಲ್ಲಿ ಹೇಳಿದ ಅಳತೆಯ ಫ್ಯೂಸ್ ಪ್ಲಸ್ ತಂತಿಯಲ್ಲಿ, ಬ್ಯಾಟರಿಗೆ ಗೇಣಿನೊಳಗೆ ಇರಬೇಕು. ಒದ್ದೆ ಕಾಲಿನ ನಡುವೆ ಇಟ್ಟುಕೊಳ್ಳುವ ವಸ್ತು ಅದು.

ಅಂಬಿಗರ ಮಗಳು, ರಾಯಚೂರು

ತಮ್ಮಾ, ನಿನ್ನ 9 ಮತ್ತು 18ರ ಒಗಟು ಬಿಡಿಸಲು ಗಣಿತ ಮೇಷ್ಟ್ರೇ ಬೇಕಾಗಿತ್ತಲ್ಲ! 18 ಎಂದರೆ 9ರ ಸರಿಯಾದ ಎರಡರಷ್ಟು. ಶಬ್ದ ತಳಕ್ಕೆ ಬಡಿದು ಮೇಲೆ ಬಂತು, ನೀರಿನ ಮೇಲ್ಮೈಗೆ ಬಡಿದು ಮತ್ತೆ ಕೆಳಗೆ ಹೋಯಿತು, ಮತ್ತೆ ಬಂತು. ಎರಡನೆಯ ಮಾರ್ದನಿಯನ್ನು ಯಂತ್ರ ತಳ ಎಂದುಕೊಂಡಿದೆ. ಸೆನ್ಸಿಟಿವಿಟಿ, ಅಂದರೆ ಮಾರ್ದನಿಯನ್ನು ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕೆಂಬ ಅಳತೆ, ಹೆಚ್ಚಿದ್ದು ನೀರು ಆಳವಿಲ್ಲದ ಕಡೆ ಹೀಗಾಗುತ್ತದೆ. ಸೆನ್ಸಿಟಿವಿಟಿ ಇಳಿಸು, ಆಳದ ಮಿತಿಯನ್ನು ನೀನೇ 15 ಅಡಿಗೆ ಕಟ್ಟಿಹಾಕು, 18 ಬರುವುದಿಲ್ಲ. ಆದರೆ ಅದು ನಿನಗೆ ಒಂದು ಸುದ್ದಿಯನ್ನೂ ಕೊಟ್ಟಿದೆ. ಎರಡು ಸಲ ಬಡಿದು ಬರುವಷ್ಟು ಬಲವಾಗಿ ಶಬ್ದವನ್ನು ತಿರುಗಿಸಿ ಕಳಿಸುವುದು ಗಟ್ಟಿ ನೆಲ. ಅಲ್ಲಿ ಗರಸು ಅಥವಾ ಕಲ್ಲು ಇದೆ.

ಹಳ್ಳ ಸೇರುವ ಕಡೆ ಇರುವುದು ಹೂಳು. ಮೆತ್ತನೆಯ ಹೂಳು ಶಬ್ದವನ್ನು ನುಂಗುತ್ತದೆ, ಗೆರೆ ತೆಳುವಾಗುತ್ತದೆ. ಈ ಜಲಾಶಯದಲ್ಲಿ ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ 105.788 ಎಂದು ಲೆಕ್ಕ. ಹೋದ ಜಾಗವೆಲ್ಲ ಹೂಳಿನದು. ಅದನ್ನೇ ನೀನು ಪರದೆಯಲ್ಲಿ ನೋಡುತ್ತಿದ್ದೀಯೆ.

ನಮ್ಮ ಅಪ್ಪನ ಹರಿಗೋಲಿನಲ್ಲಿ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇರುತ್ತಿತ್ತು. ಅಡಿಗೊಂದು ಗಂಟು. ಗುಂಡು ಬಿಟ್ಟರೆ ಕೈಗೇ ತಿಳಿಯುತ್ತದೆ: ಕಲ್ಲಾದರೆ ಠಣ್ ಎಂದು ಕೈಗೆ ಬಡಿಯುತ್ತದೆ, ಹೂಳಾದರೆ ಹೀರಿಕೊಂಡು ಎಳೆಯುವಾಗ ಬಿಡುವುದಿಲ್ಲ. ನೀನೂ ಒಂದು ಮಾಡಿಕೋ. ಒಂದು ತಿಂಗಳು ಗಾಳ ದಂಡೆಯಲ್ಲೇ ಬಿಟ್ಟು ಹೋಗು. ಪರದೆ ನೋಡು, ಗುಂಡು ಬಿಡು, ಮತ್ತೆ ಪರದೆ ನೋಡು. ಕೈಗೆ ಗೊತ್ತಾದದ್ದು ಕಣ್ಣಿಗೂ ಗೊತ್ತಾಗುವವರೆಗೆ. ಯಂತ್ರ ಕಲಿಯಲು ನನಗೆ ಬೇರೆ ದಾರಿ ಕಾಣಲಿಲ್ಲ. ನಾನು ಕಲಿತದ್ದು ಹೀಗೆಯೇ, ಐವತ್ತೆರಡನೆಯ ವಯಸ್ಸಿನಲ್ಲಿ.

ಮೀನಿನ ಗುರುತುಗಳು ಬರದಂತೆ ಇವತ್ತೇ ಆಫ್ ಮಾಡು. ಎಲೆ, ಗುಳ್ಳೆ, ಮುಳುಗಿದ ಜಾಲಿಯ ಕೊಂಬೆ, ಎಲ್ಲಕ್ಕೂ ಯಂತ್ರ ಮೀನಿನ ಚಿತ್ರ ಬರೆಯುತ್ತದೆ. ಗುರುತಿಲ್ಲದ ಬರಿಯ ಮಾರ್ದನಿ ನೋಡು. ಶಬ್ದ ಕೆಳಗೆ ಹೋಗುತ್ತ ಶಂಕುವಿನಂತೆ ಅಗಲವಾಗುತ್ತದೆ. ಮೀನು ಆ ಶಂಕುವಿನ ಅಂಚಿಗೆ ಬಂದಾಗ ನಿನ್ನಿಂದ ದೂರ, ನಡುವೆ ಬಂದಾಗ ಹತ್ತಿರ, ಆಚೆ ದಾಟುವಾಗ ಮತ್ತೆ ದೂರ. ಆ ಮೂರೂ ಸೇರಿ ಕಮಾನಾಗುತ್ತದೆ. ಕಯಾಕ್ ನಿಂತು ಮೀನೂ ನಿಂತರೆ ಕಮಾನು ಬರುವುದಿಲ್ಲ, ಉದ್ದನೆಯ ಗೆರೆ ಬರುತ್ತದೆ. ಒಂದೇ ಮೀನನ್ನು ಹತ್ತು ಎಂದು ಎಣಿಸಬೇಡ. ಪರದೆಯ ಬಲ ಅಂಚು ಮಾತ್ರ ಈಗಿನದು. ಉಳಿದದ್ದೆಲ್ಲ ಕಳೆದ ಹೊತ್ತು.

ನಿನ್ನ ಯಂತ್ರದ ಪುಸ್ತಕದಲ್ಲಿ ಆ ಶಂಕುವಿನ ಕೋನ ಎಷ್ಟು ಎಂದಿದೆ ನೋಡು. ನನ್ನದೂ 77 ಮತ್ತು 200ರದ್ದೇ; ಅದರಲ್ಲಿ 200ಕ್ಕೆ 15 ಡಿಗ್ರಿ, 77ಕ್ಕೆ 45 ಡಿಗ್ರಿ. ಹತ್ತು ಅಡಿ ನೀರಿನಲ್ಲಿ 15 ಡಿಗ್ರಿ ಎಂದರೆ ತಳದಲ್ಲಿ ಎರಡೂವರೆ ಅಡಿ ಅಗಲ, ಒಂದು ಮೊರದಷ್ಟು. 45 ಡಿಗ್ರಿ ಎಂದರೆ ಎಂಟು ಅಡಿಗೂ ಹೆಚ್ಚು. ಬಾವಿ ಹುಡುಕಬೇಕಾದರೆ 200ರಲ್ಲೇ ಹುಡುಕು. ಅಗಲದ ಕೋನದಲ್ಲಿ ಬಾವಿಯ ದಂಡೆ, ಒಳಗು ಎಲ್ಲ ಕಲಸಿಹೋಗುತ್ತದೆ.

ಇನ್ನು ಮುಖ್ಯವಾದದ್ದು. ಇವತ್ತಿನ 9 ಅಡಿ ಫೆಬ್ರವರಿಯಲ್ಲಿ 9 ಇರುವುದಿಲ್ಲ. ಆಳ ಬರೆದಿಟ್ಟರೆ ಪ್ರಯೋಜನವಿಲ್ಲ. ಜಲಾಶಯದ ಮಟ್ಟ ದಿನಪತ್ರಿಕೆಯಲ್ಲಿ ಸಮುದ್ರಮಟ್ಟದಿಂದ ಎಷ್ಟು ಅಡಿ ಎಂದು ಬರುತ್ತದೆ. ಪೂರ್ಣ ಮಟ್ಟ 1633. ಆ ದಿನದ ಮಟ್ಟದಿಂದ ಆಳ ಕಳೆದು ತಳದ ಎತ್ತರ ಬರೆದಿಡು. ಅದು ಯಾವ ತಿಂಗಳಲ್ಲೂ ಬದಲಾಗದು. ಮಟ್ಟ ಅದಕ್ಕಿಂತ ಕೆಳಗಿಳಿದ ದಿನ ಅದೇ ಜಾಗದ ಮೇಲೆ ಕಾಲಿನಲ್ಲಿ ನಡೆಯಬಹುದು.

ಲೈಫ್ ಜಾಕೆಟ್ ಹಾಕದೆ ಇಳಿಯಬೇಡ, ಮಧ್ಯಾಹ್ನದ ಗಾಳಿಗೆ ಹಿನ್ನೀರು ಸಮುದ್ರವಾಗುತ್ತದೆ. ಅನುಮತಿ ಯಾರಲ್ಲಿ ಪಡೆಯಬೇಕು ಎಂದು ಭಾವನನ್ನು ಕೇಳು. ಅಣೆಕಟ್ಟೆಯ ಕೆಳಗೆ ಹೋಗುವ ಯೋಚನೆಯಿದ್ದರೆ, ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅದನ್ನು ಅವುಗಳಿಗೇ ಬಿಡೋಣ.

ಹಿನ್ನೀರ ಹುಟ್ಟು, ಕೊಪ್ಪಳ

ಅಕ್ಕಾವರೇ, ಗಂಗಾವತಿಯ ಸರ್, ಬಳ್ಳಾರಿಯ ಸರ್, ಐದು ವಾರದ ನಂತರ ಬರೆಯುತ್ತಿದ್ದೇನೆ. ನೀವು ಹೇಳಿದ್ದನ್ನು ಮಾಡಿ ನೋಡದೆ ಬರೆಯಲು ಇಷ್ಟವಿರಲಿಲ್ಲ.

ಅಂಟು ಕಿತ್ತಾಗ ಅಡಿಯಲ್ಲಿ ಜೇನುಗೂಡಿನಂತೆ ಗುಳ್ಳೆಗಳಿದ್ದವು. ಎರಡು ಲೋಟ ನೀರಿನ ಪರೀಕ್ಷೆಯಲ್ಲಿ ತಳ ಪಾಸಾಯಿತು. ಈ ಸಲ ಅಂಟನ್ನು ನಡುವಿನಲ್ಲಿ ಗುಡ್ಡೆ ಹಾಕಿ, ಟ್ರಾನ್ಸ್‌ಡ್ಯೂಸರನ್ನು ತಿರುಗಿಸುತ್ತ ಒತ್ತಿದೆ. ಗಾಳಿ ಅಂಚಿನಿಂದ ಹೊರಗೆ ಹೋಯಿತು. ಹೊಸ ಬ್ಯಾಟರಿ ಬಂದಿದೆ, ಫ್ಯೂಸ್ ಹಾಕಿದ್ದೇನೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಪರದೆ ಒಮ್ಮೆಯೂ ಆರಿಲ್ಲ.

ಗಾಳವನ್ನು ನಿಜವಾಗಿಯೂ ನಾಲ್ಕು ವಾರ ಮುಟ್ಟಲಿಲ್ಲ. ಸೀಸದ ಗುಂಡನ್ನು ಭಾವನೇ ಹುಡುಕಿ ಕೊಟ್ಟರು, ಬಲೆಯ ಗುಂಡುಗಳನ್ನು ಕರಗಿಸಿ ಒಂದು ಮಾಡಿದರು. ಎರಡನೆಯ ವಾರ ಅವರೂ ಕಯಾಕ್ ಪಕ್ಕಕ್ಕೆ ಹರಿಗೋಲು ತಂದು ಪರದೆಯನ್ನು ಬಗ್ಗಿ ನೋಡತೊಡಗಿದರು. ನಾನು "ಹೂಳು" ಎನ್ನುವುದು, ಅವರು ಗುಂಡು ಬಿಟ್ಟು "ಹೌದು" ಅಥವಾ "ಅಲ್ಲ" ಎನ್ನುವುದು. ಮೊದಲ ದಿನ ಹತ್ತರಲ್ಲಿ ನಾಲ್ಕು ಸರಿ. ಕಳೆದ ಭಾನುವಾರ ಒಂಬತ್ತು.

ಎಲ್ಲವನ್ನೂ ತಳದ ಎತ್ತರವಾಗಿ ನೋಟುಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಟ್ರಾನ್ಸ್‌ಡ್ಯೂಸರ್ ನೀರಿನ ಮೇಲ್ಮೈಗಿಂತ ಎಷ್ಟು ಕೆಳಗಿದೆ ಎಂಬುದನ್ನೂ ಯಂತ್ರದಲ್ಲಿ ತುಂಬಿದೆ, ನನ್ನದರಲ್ಲಿ ನಾಲ್ಕು ಇಂಚು. ಅದನ್ನು ತುಂಬಿದ ಮೇಲೆ ಹಗ್ಗದ ಗಂಟಿಗೂ ಪರದೆಯ ಅಂಕಿಗೂ ತಾಳೆಯಾಯಿತು.

ಬಾವಿಯ ವಿಷಯ. ಮಾವನವರನ್ನು ದಂಡೆಯ ಮೇಲೆ ಕುರ್ಚಿ ಹಾಕಿ ಕೂರಿಸಿದೆವು. ಆಚೆ ಕಾಣುವ ಗುಡ್ಡದ ತುದಿ ಮತ್ತು ಈಚೆಯ ಹಳೆಯ ದೇವಸ್ಥಾನದ ಕಟ್ಟೆ, ಇವೆರಡರ ನೇರಕ್ಕೆ ನಮ್ಮ ಹೊಲದ ಬದುವಿತ್ತು ಎಂದರು. ಆ ನೇರದಲ್ಲಿ 200 ಕಿಲೋಹರ್ಟ್ಸ್‌ನಲ್ಲಿ ನಿಧಾನವಾಗಿ ಹೋಗಿ ಬಂದೆ, ಹೋಗಿ ಬಂದೆ. ಹನ್ನೊಂದನೆಯ ಸುತ್ತಿನಲ್ಲಿ ದಪ್ಪ ಗೆರೆ, ಆಮೇಲೆ ನಾಲ್ಕೈದು ಸೆಕೆಂಡು ತೆಳುವಾದ ಗೆರೆ, ಮತ್ತೆ ದಪ್ಪ ಗೆರೆ. ಅಡ್ಡಲಾಗಿ ಹೋದಾಗಲೂ ಅದೇ. ಭಾವ ಗುಂಡು ಬಿಟ್ಟರು. ಅಂಚಿನಲ್ಲಿ ಎರಡು ಕಡೆ ಕಲ್ಲು ಬಡಿಯಿತು, ನಡುವೆ ಹೂಳು ಗುಂಡನ್ನು ಹಿಡಿದುಕೊಂಡಿತು. ಬಾವಿ ಹೂಳಿನಿಂದ ತುಂಬಿಹೋಗಿದೆ ಎಂದು ಕಾಣುತ್ತದೆ. ಅಥವಾ ಅದು ಬಾವಿಯೇ ಅಲ್ಲದೆ ಬೇರೆ ಯಾವುದೋ ಕಲ್ಲಿನ ಕಟ್ಟೆ ಇದ್ದರೂ ಇರಬಹುದು.

ಆ ದಿನದ ಮಟ್ಟ 1622, ಆಳ 7. ತಳ 1615 ಅಡಿ. ಮಾವನವರ ಕೊಠಡಿಯ ಕ್ಯಾಲೆಂಡರ್ ಮೇಲೆ ಆ ಅಂಕಿಯನ್ನು ದೊಡ್ಡದಾಗಿ ಬರೆದಿದ್ದೇನೆ. ಅವರು ಈಗ ದಿನಾ ಬೆಳಗ್ಗೆ ಪತ್ರಿಕೆಯಲ್ಲಿ ಮೊದಲು ಜಲಾಶಯದ ಮಟ್ಟ ನೋಡುತ್ತಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಇವತ್ತು 1619.